ನಿಂತು ದುಡಿಯುವವರ ಸೊಂಟನೋವು ಮತ್ತು ಪಾದನೋವು

ಚಂದ್ರವಳ್ಳಿಯ ಸುತ್ತಮುತ್ತಲಿನ ಹಳ್ಳಿಗಳಿಂದಲೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಗ್ರಾಮಗಳಿಂದಲೂ ಬಂದ ಅನೇಕ ಸ್ತ್ರೀಯರು ಆಸ್ಪತ್ರೆಗಳಲ್ಲಿ ಶುಶ್ರೂಷಕಿಯರಾಗಿ, ಆಯಾಗಳಾಗಿ ಸೇವೆ ಸಲ್ಲಿಸುತ್ತಿದ್ದಾರೆ. ಹಗಲು ಪಾಳಿ ಆರರಿಂದ ಎಂಟು ಗಂಟೆಗಳದ್ದಾದರೆ, ರಾತ್ರಿ ಪಾಳಿ ಹಲವೆಡೆ ಹನ್ನೆರಡು ಗಂಟೆಗಳಷ್ಟು ದೀರ್ಘವಾಗಿರುತ್ತದೆ. ಇದರ ಬಹುಭಾಗವನ್ನು ನಿಂತೇ ಕಳೆಯಬೇಕು. ರೋಗಿಯನ್ನು ಮಗ್ಗುಲಿಗೆ ತಿರುಗಿಸಬೇಕು, ಎಬ್ಬಿಸಿ ಕೂರಿಸಬೇಕು, ಹಾಸಿಗೆಯ ಮೇಲೆ ಬಾಗಿ ಗಾಯಕ್ಕೆ ಪಟ್ಟಿ ಕಟ್ಟಬೇಕು. ಪಾಳಿ ಮುಗಿಸಿ, ಬಸ್ಸಿನಲ್ಲಿಯೂ ನಿಂತುಕೊಂಡೇ ಊರಿಗೆ ಮರಳಿದರೆ ಮನೆಯಲ್ಲಿ ಮುಸುರೆ, ನೀರು, ಒಲೆ ಕಾದಿರುತ್ತವೆ. ಇದನ್ನು ಎರಡನೆಯ ಪಾಳಿ ಎಂದರೆ ತಪ್ಪಾಗಲಾರದು.

ಹೀಗೆ ವರ್ಷಗಟ್ಟಲೆ ದುಡಿದವರಲ್ಲಿ ಸೊಂಟನೋವು, ಹಿಮ್ಮಡಿನೋವು, ಸಂಜೆಯ ವೇಳೆಗೆ ಕಾಲು ಊದುವುದು ಬಹು ಸಾಮಾನ್ಯ. ನೋವು ಹೆಚ್ಚಾದಾಗ ಕೆಲವು ಮನೆಗಳಲ್ಲಿ ಕೆಲಸವನ್ನೇ ಬಿಡಿಸುವ ಮಾತು ಏಳುತ್ತದೆ. ಕಷ್ಟಪಟ್ಟು ಓದಿ ಪಡೆದ ಉದ್ಯೋಗ, ಸಂಸಾರಕ್ಕೆ ಆಧಾರವಾದ ಸಂಬಳ, ಎರಡೂ ಕೈತಪ್ಪುವ ಸಂದರ್ಭವಿದು. ಆದರೆ ಬಹುತೇಕ ಮಂದಿಯಲ್ಲಿ ಈ ನೋವಿನ ಮೂಲವು ಉದ್ಯೋಗದಲ್ಲಿಲ್ಲ. ಒಂದೇ ಭಂಗಿಯಲ್ಲಿ ಬಹುಹೊತ್ತು ಇರುವುದರಲ್ಲಿಯೂ, ಆನಂತರ ವಿಶ್ರಾಂತಿ ದೊರೆಯದಿರುವುದರಲ್ಲಿಯೂ ಅದು ಇದೆ. ಇವೆರಡನ್ನೂ ಸರಿಪಡಿಸುವುದು ದಂಪತಿಗಳಿಬ್ಬರೂ ಸೇರಿದರೆ ಸಾಧ್ಯ. ಈರುಳ್ಳಿ ಹೊಲದಲ್ಲಿ ಬಾಗಿ ಕಳೆ ತೆಗೆಯುವ, ಶೇಂಗಾ ಕೀಳುವ ಗೃಹಿಣಿಯರಿಗೂ ಇಲ್ಲಿ ಹೇಳುವ ಬಹುಪಾಲು ಸಂಗತಿಗಳು ಅನ್ವಯಿಸುತ್ತವೆ.

ನೋವು ಬರುವ ಬಗೆ

ನಮ್ಮ ಬೆನ್ನೆಲುಬು ಒಂದರ ಮೇಲೊಂದು ಜೋಡಿಸಿದ ಮೂಳೆಗಳಿಂದಾಗಿದೆ. ಎರಡು ಮೂಳೆಗಳ ನಡುವೆ ಮೆತ್ತನೆಯ ಬಿಲ್ಲೆಯೊಂದಿರುತ್ತದೆ. ಸ್ವೀಡನ್ ದೇಶದ ನ್ಯಾಖೆಮ್‌ಸನ್ ಎಂಬ ವೈದ್ಯರು 1960ರ ದಶಕದಲ್ಲಿ ಈ ಬಿಲ್ಲೆಯೊಳಕ್ಕೆ ಸೂಜಿಯನ್ನು ಇಳಿಸಿ, ಬೇರೆ ಬೇರೆ ಭಂಗಿಗಳಲ್ಲಿ ಅದರ ಮೇಲೆ ಬೀಳುವ ಒತ್ತಡವನ್ನು ಅಳೆದರು. ನೆಟ್ಟಗೆ ನಿಂತಾಗಿನ ಒತ್ತಡವನ್ನು 100 ಎಂದು ಎಣಿಸಿದರೆ, ಅಂಗಾತ ಮಲಗಿದಾಗ ಅದು ಸುಮಾರು 25ಕ್ಕೆ ಇಳಿಯುತ್ತದೆ. ಮುಂದಕ್ಕೆ ಬಾಗಿದಾಗ 150ಕ್ಕೆ ಏರುತ್ತದೆ. ಬಾಗಿದ ಭಂಗಿಯಲ್ಲಿಯೇ ಭಾರ ಎತ್ತಿದರೆ 200ನ್ನೂ ಮೀರುತ್ತದೆ. ಮೊಣಕಾಲು ಮಡಿಸದೆ ಸೊಂಟವನ್ನೇ ಬಗ್ಗಿಸಿ ರೋಗಿಯನ್ನಾಗಲಿ ನೀರಿನ ಕೊಡವನ್ನಾಗಲಿ ಎತ್ತುವವರಿಗೆ ಏಕೆ ನೋವು ಬರುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಗಲಿನಲ್ಲಿ ಹತ್ತು ನಿಮಿಷ ಮಲಗುವುದು ಸೋಮಾರಿತನವಲ್ಲ ಎಂಬುದಕ್ಕೂ ಇದೇ ಸಾಕ್ಷಿ.

ಕಾಲಿನ ವಿಷಯ ಬೇರೆ. ಪಾದಕ್ಕೆ ಇಳಿದ ರಕ್ತವು ಹೃದಯಕ್ಕೆ ಮರಳಲು ಮೇಲ್ಮುಖವಾಗಿ ಹರಿಯಬೇಕು. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ, ಏತವು ಬಾವಿಯ ನೀರನ್ನು ಎತ್ತುವಂತೆ, ಅದನ್ನು ಮೇಲಕ್ಕೆ ತಳ್ಳುತ್ತವೆ. ಅಲುಗಾಡದೆ ನಿಂತರೆ ಈ ಏತ ನಿಲ್ಲುತ್ತದೆ. ರಕ್ತ ಕೆಳಗೇ ಉಳಿದು ಕಾಲು ಭಾರವಾಗುತ್ತದೆ, ಊದುತ್ತದೆ, ಕ್ರಮೇಣ ಕೆಲವರಲ್ಲಿ ನೀಲಿ ನರಗಳು ಉಬ್ಬಿ ಕಾಣಿಸಿಕೊಳ್ಳುತ್ತವೆ. ಆದುದರಿಂದ ನಡೆದಾಡುವವರಿಗಿಂತ ನಿಂತಲ್ಲಿಯೇ ನಿಲ್ಲುವವರಿಗೆ ಈ ತೊಂದರೆ ಅಧಿಕ.

ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಬಿಲ್ಲಿನ ಹೆದೆಯಂತೆ ಬಿಗಿದ ಪಟ್ಟಿಯೊಂದಿದೆ. ಇದು ದಣಿದಾಗ ಹಿಮ್ಮಡಿನೋವು ಬರುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆಗಳನ್ನು ಇಡುವಾಗ ಚುಚ್ಚಿದಂತಾಗಿ, ಸ್ವಲ್ಪ ನಡೆದ ಮೇಲೆ ಕಡಮೆಯಾಗುವುದು ಇದರ ಗುರುತು. ಎಕ್ಸ್‌ರೇಯಲ್ಲಿ "ಮೂಳೆ ಬೆಳೆದಿದೆ" ಎಂದು ತಿಳಿದು ಹಲವರು ಗಾಬರಿಗೊಳ್ಳುತ್ತಾರೆ. ಅಂತಹ ಮುಳ್ಳುಮೂಳೆ ನೋವಿಲ್ಲದವರಲ್ಲಿಯೂ ಕಂಡುಬರುತ್ತದೆ. ಅದನ್ನು ಕೊಯ್ದು ತೆಗೆಯಬೇಕಾದ ಪ್ರಸಂಗ ಬಲು ವಿರಳ.

ತಪ್ಪು ಕಲ್ಪನೆಗಳು

ಸೊಂಟನೋವಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಕಾರಣವೆಂದು ಗ್ರಾಮಗಳಲ್ಲಿ ದೃಢವಾಗಿ ನಂಬಿರುವವರಿದ್ದಾರೆ. ಈ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಕೆಳಭಾಗದಲ್ಲಿರುವ ಅಂಡನಾಳಗಳನ್ನು ಮಾತ್ರ ಮುಚ್ಚಲಾಗುತ್ತದೆ. ಅವುಗಳಿಗೂ ಬೆನ್ನೆಲುಬಿಗೂ ಸಂಬಂಧವಿಲ್ಲ. ಗಾಯ ಮಾಯುವವರೆಗೆ ಕೆಲವು ದಿನ ನೋವಿರುವುದು ಸಹಜವೇ ಹೊರತು, ವರ್ಷಗಳ ನಂತರದ ಸೊಂಟನೋವು ಅದರಿಂದ ಬಂದುದಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ವಯಸ್ಸಿನಲ್ಲಿಯೇ ಎರಡು ಮೂರು ಹೆರಿಗೆ, ಎಳೆಮಗುವನ್ನು ಹೊರುವುದು, ಸರಿಯಾಗಿ ನಿದ್ರೆಯಿಲ್ಲದ ರಾತ್ರಿಗಳು ಎಲ್ಲವೂ ಒಟ್ಟಿಗೆ ಬಂದಿರುತ್ತವೆ. ಆಪಾದನೆ ಮಾತ್ರ ಶಸ್ತ್ರಚಿಕಿತ್ಸೆಯ ಮೇಲೆ ಬೀಳುತ್ತದೆ. ಹೆರಿಗೆಯ ಸಮಯದಲ್ಲಿ ಬೆನ್ನಿಗೆ ಕೊಡುವ ಅರಿವಳಿಕೆ ಚುಚ್ಚುಮದ್ದಿನ ಬಗ್ಗೆ ಇರುವ ಭಯವೂ ಹೀಗೆಯೇ: ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಜೀವಮಾನದ ನೋವು ಅದರಿಂದ ಉಂಟಾಗುವುದಿಲ್ಲ. ಇಷ್ಟಾಗಿಯೂ ಪತ್ನಿಗೆ ಶಸ್ತ್ರಚಿಕಿತ್ಸೆ ಬೇಡವೆನಿಸಿದರೆ ಪತಿಯು ಪುರುಷರ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಳ್ಳಬಹುದು. ಅದು ಇದಕ್ಕಿಂತಲೂ ಸರಳ. ಎರಡು ದಿನಗಳ ನಂತರ ಹಗುರ ಕೆಲಸ, ಒಂದು ವಾರದ ನಂತರ ಸೈಕಲ್ ತುಳಿಯುವುದೂ ಸೇರಿದಂತೆ ಎಂದಿನ ದುಡಿಮೆ ಮಾಡಬಹುದು. ಮೊದಲ ಮೂರು ತಿಂಗಳು ಮಾತ್ರ ಬೇರೆ ಗರ್ಭನಿರೋಧಕವನ್ನೂ ಬಳಸಬೇಕು.

ನಮ್ಮ ಜಿಲ್ಲೆಯಲ್ಲಿ ಮರೆಯಬಾರದ ಇನ್ನೊಂದು ಕಾರಣವುಂಟು. ಇಲ್ಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಅಧಿಕವಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಂದುಬಣ್ಣಕ್ಕೆ ತಿರುಗಬಹುದು; ಅಂಶ ಇನ್ನೂ ಹೆಚ್ಚಿದ್ದಲ್ಲಿ ಬೆನ್ನು, ಕೀಲುಗಳು ಬಿರುಸಾಗುತ್ತವೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮನೆಯಲ್ಲಿ ಒಬ್ಬರಿಗಲ್ಲದೆ ಹಲವರಿಗೆ ಬೆನ್ನು ಬಾಗಲಾರದಂತಾಗಿದ್ದರೆ ನೀರನ್ನು ಪರೀಕ್ಷೆಗೆ ಕೊಡತಕ್ಕದ್ದು. ವಾಣಿವಿಲಾಸ ಸಾಗರದ ನೀರು ಪೂರೈಕೆಯಾಗುವ ಊರುಗಳಲ್ಲಿ ಕುಡಿಯಲು, ಅಡಿಗೆಗೆ ಅದನ್ನೇ ಉಪಯೋಗಿಸುವುದು ಲೇಸು. ರಾಗಿಮುದ್ದೆಯನ್ನು ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಇದು ಅತ್ಯಲ್ಪ.

ಪಾಳಿಯಲ್ಲಿ

ರೋಗಿಯನ್ನು ಒಬ್ಬರೇ ಎತ್ತಬಾರದು. ಮೈಕೆಳಗೆ ಮಡಿಸಿದ ದುಪ್ಪಟಿಯನ್ನು ಹಾಸಿ, ಎರಡು ಕಡೆ ಇಬ್ಬರು ಹಿಡಿದು ಜಾರಿಸಬೇಕು. ಸಹಾಯಕ್ಕೆ ಯಾರೂ ಇಲ್ಲವೆಂಬುದು ಹಲವು ವಾರ್ಡುಗಳ ನಿಜಸ್ಥಿತಿ. ಅಂತಹಲ್ಲಿ ರೋಗಿಯ ಬಂಧುವಿಗೆ ಹಿಡಿಯುವ ಕ್ರಮವನ್ನು ತೋರಿಸಿಕೊಟ್ಟು ಅವರ ನೆರವು ಪಡೆಯುವುದರಲ್ಲಿ ಸಂಕೋಚ ಬೇಡ. ಮಂಚದ ಎತ್ತರ ಹೆಚ್ಚಿಸುವ ಹಿಡಿಕೆ ಇದ್ದರೆ ಸೊಂಟದ ಮಟ್ಟಕ್ಕೆ ಏರಿಸಿಕೊಳ್ಳಿ. ತಳ್ಳುಗಾಡಿಯನ್ನು ಎಳೆಯುವುದಕ್ಕಿಂತ ತಳ್ಳುವುದು ಉತ್ತಮ. ದಾಖಲೆ ಬರೆಯುವುದನ್ನು, ಔಷಧಿ ವಿಂಗಡಿಸುವುದನ್ನು ಕುಳಿತೇ ಮಾಡಬಹುದು. ನಿಲ್ಲಲೇಬೇಕಾದಾಗ ಗೇಣುದ್ದ ಎತ್ತರದ ಮಣೆಯ ಮೇಲೆ ಒಂದು ಪಾದವನ್ನಿಟ್ಟು, ಸ್ವಲ್ಪ ಹೊತ್ತಿನ ನಂತರ ಕಾಲು ಬದಲಿಸಿದರೆ ಸೊಂಟ ಹಗುರವಾಗುತ್ತದೆ. ಅರ್ಧ ಗಂಟೆಗೊಮ್ಮೆ ನಿಂತಲ್ಲಿಯೇ ಹತ್ತು ಬಾರಿ ಹಿಮ್ಮಡಿ ಎತ್ತಿ ಇಳಿಸಿ. ಏತ ಮತ್ತೆ ನಡೆಯುತ್ತದೆ.

ಪಾದರಕ್ಷೆಯ ವಿಷಯದಲ್ಲಿ ಮಿತವ್ಯಯ ಸಲ್ಲದು. ಸವೆದ ಹವಾಯಿ ಚಪ್ಪಲಿ ಹಿಮ್ಮಡಿಗೆ ಶತ್ರು. ಹಿಮ್ಮಡಿ ಎರಡು ಮೂರು ಸೆಂಟಿಮೀಟರ್ ಎತ್ತರವಿದ್ದು, ಅಟ್ಟೆ ಮೆತ್ತಗಿದ್ದು, ಹಿಂದೆ ಪಟ್ಟಿಯಿರುವುದನ್ನು ಆರಿಸಬೇಕು. ಸಂಜೆ, ಪಾದ ಊದಿರುವ ವೇಳೆಯಲ್ಲಿ ಕೊಂಡರೆ ಅಳತೆ ಸರಿಹೋಗುತ್ತದೆ.

ಪತಿಯ ಪಾಲು

ಈ ಲೇಖನವನ್ನು ದಂಪತಿಗಳಿಗೆಂದು ಬರೆಯಲು ಕಾರಣವಿದೆ. ಪತ್ನಿ ಪಾಳಿಯಿಂದ ಬಂದ ಮೊದಲ ಅರ್ಧ ಗಂಟೆ ಅವರ ಬೆನ್ನಿಗೆ ಯಾವ ಮಾತ್ರೆಗಿಂತಲೂ ಮಿಗಿಲು. ಆ ಹೊತ್ತಿನಲ್ಲಿ ಗೋಡೆಯ ಬಳಿ ಅಂಗಾತ ಮಲಗಿ, ಕಾಲುಗಳನ್ನು ಗೋಡೆಗೆ ಆನಿಸಿ ಹದಿನೈದು ನಿಮಿಷ ಇರಲಿ. ಆ ವೇಳೆಗೆ ನೀರು ಸೇದುವುದು, ಒಲೆ ಹಚ್ಚುವುದು, ಮಗುವನ್ನು ಎತ್ತಿಕೊಳ್ಳುವುದು ಪತಿಯ ಕೆಲಸವಾಗಲಿ. ಮುದ್ದೆ ತೊಳಸುವುದು ಬೆನ್ನಿಗೆ ಬಲು ಶ್ರಮದ ಕೆಲಸ. ತೋಳುಬಲವುಳ್ಳ ಗಂಡಸರು ಅದನ್ನು ಏಕೆ ಕಲಿಯಬಾರದು? ಅತ್ತೆಯವರ ಮುಂದೆ ಸೊಸೆ ಮಲಗುವುದು ಹೇಗೆಂಬ ಮುಜುಗರವಿದ್ದಲ್ಲಿ, ಅದನ್ನು ಹೋಗಲಾಡಿಸುವ ಮಾತು ಮಗನ ಬಾಯಿಂದ ಬಂದರೆ ಚೆಂದ. ರಾತ್ರಿ ಪಾಳಿಯವರು ಹಗಲು ಮಲಗಲು ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಮಕ್ಕಳನ್ನು ಹೊರಗೆ ಆಡಿಸಿ. ನಿದ್ರೆ ಕೆಟ್ಟವರಿಗೆ ಅದೇ ನೋವು ಇಮ್ಮಡಿಯಾಗಿ ತೋರುತ್ತದೆ.

ಎಣ್ಣೆ ಹಚ್ಚಿ ಮೃದುವಾಗಿ ಉಜ್ಜುವುದು, ಬಿಸಿನೀರಿನ ಶಾಖ ಕೊಡುವುದು ಒಳ್ಳೆಯದು. ಬೆನ್ನನ್ನು ತುಳಿಸುವುದು, ಉಳುಕು ತೆಗೆಯುವವರಲ್ಲಿ ಎಳೆಸುವುದು ಅಪಾಯಕರ. ನೋವು ತೀವ್ರವಾಗಿರುವ ದಿನಗಳಲ್ಲಿ ದಾಂಪತ್ಯ ಸಂಪರ್ಕದ ವಿಷಯದಲ್ಲಿ ಪತ್ನಿಯ ಇಚ್ಛೆಗೆ ಬೆಲೆ ಕೊಡಬೇಕು. ನೋವು ಇಳಿದ ನಂತರವೂ ಸೊಂಟದ ಮೇಲೆ ಭಾರ ಬೀಳದಂತೆ ಮಗ್ಗುಲಾಗಿ ಮಲಗುವ ಭಂಗಿ ಅನುಕೂಲಕರ.

ವ್ಯಾಯಾಮ ಮತ್ತು ಔಷಧಿ

ಅಂಗಾತ ಮಲಗಿ ಮೊಣಕಾಲುಗಳನ್ನು ಮಡಿಸಿ, ಒಂದೊಂದನ್ನೇ ಎದೆಯತ್ತ ಎಳೆದುಕೊಳ್ಳುವುದು. ಅದೇ ಭಂಗಿಯಲ್ಲಿ ಪಾದಗಳನ್ನು ಊರಿ ಸೊಂಟವನ್ನು ಮೇಲೆತ್ತಿ ಐದು ಎಣಿಸಿ ಇಳಿಸುವುದು. ಇವನ್ನು ಹತ್ತು ಹತ್ತು ಬಾರಿ, ದಿನಕ್ಕೆರಡು ವೇಳೆ ಮಾಡಿ. ಹಿಮ್ಮಡಿನೋವಿಗೆ, ಹಾಸಿಗೆ ಬಿಡುವ ಮೊದಲೇ ಕಾಲಿನ ಬೆರಳುಗಳನ್ನು ಕೈಯಿಂದ ಮೇಲಕ್ಕೆ ಎಳೆದು ಹಿಡಿಯಬೇಕು. ನೀರು ತುಂಬಿದ ಶೀಷೆಯ ಮೇಲೆ ಅಂಗಾಲನ್ನು ಉರುಳಿಸಬಹುದು, ಶೀಷೆ ಪ್ಲಾಸ್ಟಿಕ್ಕಿನದಾಗಿರಲಿ. ಗುಣವಾಗಲು ಕೆಲವು ತಿಂಗಳುಗಳೇ ಹಿಡಿಯುವುದರಿಂದ ತಾಳ್ಮೆ ಅಗತ್ಯ. ನಡಿಗೆಗೆ ಹಿಮ್ಮಡಿನೋವಿನವರು ಕೋಟೆಯ ಮೆಟ್ಟಿಲುಗಳನ್ನು ಆರಿಸದೆ, ಚಂದ್ರವಳ್ಳಿ ಕೆರೆಯ ಬಳಿಯ ಸಮತಟ್ಟು ದಾರಿಯನ್ನು ಹಿಡಿಯಲಿ. ಕದಂಬರ ಮಯೂರಶರ್ಮನು ಇಲ್ಲಿ ಕೆರೆ ಕಟ್ಟಿಸಿದನೆಂದು ಅಲ್ಲಿನ ಬಂಡೆಯ ಶಾಸನವೇ ಹೇಳುತ್ತದೆ. ನಡೆದು ದಣಿದವರು ಅದನ್ನೂ ನೋಡಿ ಬರಬಹುದು.

ಹಠಾತ್ತನೆ ಬಂದ ಸೊಂಟನೋವು ಬಹುಮಂದಿಯಲ್ಲಿ ಆರು ವಾರಗಳೊಳಗೆ ಕಡಮೆಯಾಗುತ್ತದೆ. ಒಂದೆರಡು ದಿನಗಳಿಗಿಂತ ಹೆಚ್ಚು ಕಾಲ ಹಾಸಿಗೆ ಹಿಡಿದರೆ ಸ್ನಾಯುಗಳು ಬಲಗುಂದಿ ಕೆಡುಕೇ ಅಧಿಕ. ಅಂಗಡಿಯಿಂದ ಡೈಕ್ಲೋಫಿನಾಕ್ ಮುಂತಾದ ನೋವಿನ ಮಾತ್ರೆಗಳನ್ನು ತಂದು ತಿಂಗಳುಗಟ್ಟಲೆ ನುಂಗುವುದು ಜಠರದಲ್ಲಿ ಹುಣ್ಣನ್ನೂ ಮೂತ್ರಪಿಂಡಕ್ಕೆ ಹಾನಿಯನ್ನೂ ತರುತ್ತದೆ. ಶುಶ್ರೂಷಕಿಯರಿಗೆ ಮಾತ್ರೆಗಳು ಕೈಗೆಟಕುವಂತಿರುವುದರಿಂದ ಅವರೇ ಹೆಚ್ಚು ಎಚ್ಚರದಿಂದಿರಬೇಕು. ಗರ್ಭಿಣಿಯರು ವೈದ್ಯರು ಹೇಳದ ಹೊರತು ಇವನ್ನು ಮುಟ್ಟಲೇಬಾರದು.

ತಡಮಾಡಬಾರದ ಲಕ್ಷಣಗಳು

ನೋವಿನೊಂದಿಗೆ ಜ್ವರ, ತೂಕ ಇಳಿಯುವುದು, ಮಲಗಿದಾಗಲೂ ಬಿಡದ ರಾತ್ರಿ ನೋವು ಇದ್ದರೆ ಬೆನ್ನೆಲುಬಿನ ಕ್ಷಯವೂ ಇರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಕ್ಷಯಕ್ಕೆ ಔಷಧಿ ಉಚಿತ, ಗುಣವೂ ಆಗುತ್ತದೆ. ಅಂಗಾಲು ಉರಿಯುವವರು, ಮರಗಟ್ಟುವವರು ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಕಾಲು ಬಲಗುಂದುವುದು, ತೊಡೆಗಳ ನಡುವೆ ಸ್ಪರ್ಶಜ್ಞಾನ ಕಳೆಯುವುದು, ಮೂತ್ರ ಕಟ್ಟುವುದು ಅಥವಾ ಹತೋಟಿ ತಪ್ಪುವುದು ಕಂಡರೆ ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ವಿಶೇಷವಾಗಿ ಬಾಣಂತಿಯರಲ್ಲಿ, ರಕ್ತ ಹೆಪ್ಪುಗಟ್ಟಿರುವ ಸೂಚನೆ. ಅಂತಹ ಕಾಲನ್ನು ಉಜ್ಜಬಾರದು. ಗರ್ಭಿಣಿಗೆ ಕಾಲಿನೊಂದಿಗೆ ಮುಖ, ಕೈಗಳೂ ಊದಿ, ತಲೆನೋವು, ಕಣ್ಣು ಮಂಜಾಗುವುದು ಸೇರಿದರೆ ಅದು ರಕ್ತದೊತ್ತಡದ ತುರ್ತು ಪರಿಸ್ಥಿತಿ. ಬಸ್ಸಿಗಾಗಿ ಕಾಯದೆ 108ಕ್ಕೆ ಕರೆಮಾಡಿ, ತಾಯಿ ಕಾರ್ಡನ್ನು ಜೊತೆಗೆ ತೆಗೆದುಕೊಂಡು ಹೊರಡಿ.