ಹಲ್ಲಿನ ಚಿಕಿತ್ಸೆಯ ದರವೂ ಚಿಕಿತ್ಸಾಲಯಗಳ ಪೈಪೋಟಿಯೂ

ಮುಖ ಊದಿಕೊಂಡು, ಬಾಯಿ ತೆರೆಯಲಾರದ ಸ್ಥಿತಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವವರಲ್ಲಿ ಅನೇಕರು ಹೇಳುವ ಮಾತು ಒಂದೇ: "ಹಲ್ಲಿನ ಡಾಕ್ಟರು ಎಷ್ಟು ಕೇಳುತ್ತಾರೋ ಎಂದು ಸುಮ್ಮನಿದ್ದೆ." ಕೆಳದವಡೆಯ ಹಲ್ಲಿನ ಕೀವು ನಾಲಗೆಯ ಅಡಿಭಾಗಕ್ಕೂ ಕತ್ತಿಗೂ ಹರಡಿದಲ್ಲಿ ಉಸಿರಾಟಕ್ಕೇ ಅಡ್ಡಿಯುಂಟಾಗಿ ಪ್ರಾಣಾಪಾಯ ಒದಗಬಹುದು. ಆದುದರಿಂದ ಚಿಕಿತ್ಸೆಯ ದರ ಹೇಗೆ ನಿರ್ಧಾರವಾಗುತ್ತದೆಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅವಶ್ಯಕ.

ಒಂದೇ ಬೀದಿಯಲ್ಲಿ ನಾಲ್ಕಾರು ದಂತ ಚಿಕಿತ್ಸಾಲಯಗಳಿದ್ದರೆ ದರ ಇಳಿಯುವುದೆಂದು ನೀವು ಭಾವಿಸಬಹುದು. ಇದು ಭಾಗಶಃ ನಿಜ. ಹಲ್ಲು ಕೀಳುವುದು, ಶುಚಿಗೊಳಿಸುವುದು ಮುಂತಾಗಿ ಜನರು ಸುಲಭವಾಗಿ ಹೋಲಿಸಬಲ್ಲ ಚಿಕಿತ್ಸೆಗಳ ದರ ಪೈಪೋಟಿಯಿಂದ ತಗ್ಗುವುದುಂಟು. ಆದರೆ ಕಟ್ಟಡದ ಬಾಡಿಗೆ, ಉಪಕರಣಗಳು, ಸಹಾಯಕರ ಸಂಬಳ ಇವೆಲ್ಲ ರೋಗಿಗಳು ಬಂದರೂ ಬಾರದಿದ್ದರೂ ತಪ್ಪದ ವೆಚ್ಚಗಳು. ರೋಗಿಗಳು ಹಲವೆಡೆ ಹಂಚಿಹೋದಾಗ ಈ ಭಾರ ಒಬ್ಬೊಬ್ಬರ ಮೇಲೂ ಹೆಚ್ಚಾಗಿ ಬೀಳುತ್ತದೆ. ಮೇಲಾಗಿ, ತನ್ನ ಹಲ್ಲಿಗೆ ಯಾವ ಚಿಕಿತ್ಸೆ ಬೇಕೆಂಬುದನ್ನು ರೋಗಿಯು ತಾನೇ ಅರಿಯಲಾರ. ಒಂದು ಚಿಕಿತ್ಸೆಯಲ್ಲಿ ಇಳಿಸಿದ ದರವನ್ನು ಮತ್ತೊಂದು ಅನಗತ್ಯ ಚಿಕಿತ್ಸೆಯಲ್ಲಿ ಸರಿದೂಗಿಸಿಕೊಳ್ಳಲು ಇದರಿಂದ ಅವಕಾಶವಾಗುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ರೂಟ್ ಕೆನಾಲ್ ಚಿಕಿತ್ಸೆಗೆ ಒಬ್ಬರು 2,500 ರೂಪಾಯಿ, ಇನ್ನೊಬ್ಬರು 6,000 ರೂಪಾಯಿ ಹೇಳಿದರೆಂದು ಇಟ್ಟುಕೊಳ್ಳಿ. ಮೊದಲನೆಯವರು ಎಕ್ಸ್-ರೇಗೆ 300, ಹಲ್ಲಿನ ಮೇಲಿನ ಕವಚಕ್ಕೆ 3,500 ರೂಪಾಯಿ ಬೇರೆಯಾಗಿ ಪಡೆದರೆ ಒಟ್ಟು 6,300 ಆಗುತ್ತದೆ. ಎರಡನೆಯವರ ದರದಲ್ಲಿ ಇವೆಲ್ಲ ಸೇರಿದ್ದರೆ ಅಲ್ಲಿಯೇ ಖರ್ಚು ಕಡಿಮೆ. ಆದಕಾರಣ ಹೋಲಿಸಬೇಕಾದುದು ಒಟ್ಟು ವೆಚ್ಚವನ್ನು.

ದರ ತಗ್ಗಿಸುವ ಭರದಲ್ಲಿ ಉಪಕರಣಗಳ ಶುದ್ಧೀಕರಣಕ್ಕೆ ಕೊರತೆಯಾಗಕೂಡದು. ಒತ್ತಡದ ಹಬೆಯ ಯಂತ್ರವಾದ ಆಟೋಕ್ಲೇವ್‌ನಲ್ಲಿ ಸಂಸ್ಕರಿಸದ ಉಪಕರಣಗಳಿಂದ ಹೆಪಟೈಟಿಸ್-ಬಿ ಮುಂತಾದ ರೋಗಗಳು ಒಬ್ಬರಿಂದ ಒಬ್ಬರಿಗೆ ಹರಡಬಹುದು.

ಚಿಕಿತ್ಸೆಗೆ ಮುನ್ನ ನೀವು ಗಮನಿಸಬೇಕಾದ ಅಂಶಗಳು:

1. ವೈದ್ಯರು ರಾಜ್ಯ ದಂತ ವೈದ್ಯ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ತಿಳಿದುಕೊಳ್ಳಿ.
2. ದರಪಟ್ಟಿಯನ್ನು ನೋಡಿ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ದರಗಳನ್ನು ಸಾರ್ವಜನಿಕರಿಗೆ ತಿಳಿಯಪಡಿಸತಕ್ಕದ್ದು.
3. ಒಟ್ಟು ವೆಚ್ಚವನ್ನು ಬರೆಸಿಕೊಳ್ಳಿ. ಬದಲಿ ಚಿಕಿತ್ಸೆ ಯಾವುದೆಂದು ಕೇಳಿ.
4. ಅನೇಕ ಹಲ್ಲುಗಳಿಗೆ ಒಮ್ಮೆಲೇ ದುಬಾರಿ ಚಿಕಿತ್ಸೆ ಸೂಚಿಸಿದಲ್ಲಿ, ತುರ್ತಿಲ್ಲದಿದ್ದರೆ, ಮತ್ತೊಬ್ಬ ದಂತ ವೈದ್ಯರ ಅಭಿಪ್ರಾಯ ಪಡೆಯಿರಿ.
5. ಖರ್ಚು ಭರಿಸಲಾಗದಿದ್ದರೆ ಚಿಕಿತ್ಸೆಯನ್ನು ಕೈಬಿಡದೆ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ಅಥವಾ ದಂತ ವೈದ್ಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ.

ಹುಳುಕು ಸಣ್ಣದಾಗಿರುವಾಗ ತುಂಬಿಸಿದರೆ ಅಲ್ಪ ಖರ್ಚಿನಲ್ಲಿ ಮುಗಿಯುತ್ತದೆ. ಅದು ಹಲ್ಲಿನ ತಿರುಳನ್ನು ಮುಟ್ಟಿದರೆ ಖರ್ಚು ಹಲವು ಪಟ್ಟಾಗುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಫ್ಲೋರೈಡ್‌ಯುಕ್ತ ಪೇಸ್ಟಿನಿಂದ ಹಲ್ಲುಜ್ಜುವ ಅಭ್ಯಾಸವನ್ನು ಮಕ್ಕಳಿಗೆ ಇಂದೇ ಕಲಿಸಿರಿ. ಯಾವ ಪೈಪೋಟಿಯೂ ತರಲಾರದ ಉಳಿತಾಯವನ್ನು ಈ ಅಭ್ಯಾಸವೊಂದೇ ನಿಮ್ಮ ಮನೆಗೆ ತಂದುಕೊಡಬಲ್ಲದು.