ಗೀಸರ್ ಕೂರಿಸುವವರು ಯಾರು?

ಸದಸ್ಯರೇ, ಕೊರವಂಗಲದ ಕಡೆ ಧನುರ್ಮಾಸದ ಚಳಿ ನಿಮಗೆ ಗೊತ್ತೇ ಇದೆ. ಹಂಡೆ ಒಲೆಗೆ ಸೌದೆ ಹೊಂದಿಸೋದು ಕಷ್ಟ ಅಂತ ಸಂಘದಲ್ಲಿ ಸಾಲ ಮಾಡಿ ಗೀಸರ್ ತರುವವರಿದ್ದಾರೆ. ತರಲಿ. ಆದರೆ ಅದನ್ನು ಯಾರ ಕೈಲಿ ಕೂರಿಸುತ್ತೀರಿ ಅನ್ನುವುದು ಬೆಲೆಗಿಂತ ಮುಖ್ಯ.

ಗ್ಯಾಸ್ ಗೀಸರ್ ಉರಿಯಲು ಗಾಳಿ ಬೇಕು. ಮುಚ್ಚಿದ ಬಚ್ಚಲಲ್ಲಿ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ತಲೆ ಸುತ್ತಿ, ಕೈಕಾಲು ಸೋತು, ಬಾಗಿಲ ಚಿಲಕ ತೆಗೆಯೋಕೂ ಆಗದೆ ಜೀವ ಹೋಗಬಹುದು. ಹಂಡೆ ಒಲೆಯ ಹೊಗೆಯಾದರೂ ಕಣ್ಣು ಉರಿಸಿ ಎಚ್ಚರಿಸುತ್ತಿತ್ತು! ಆದ್ದರಿಂದ ಗ್ಯಾಸ್ ಗೀಸರ್ ಬಚ್ಚಲಿನ ಹೊರಗೋಡೆಗೇ ಇರಲಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. "ಒಳಗೇ ಹಾಕ್ತೀನಿ, ಏನೂ ಆಗಲ್ಲಮ್ಮ" ಅನ್ನುವವರನ್ನು ವಾಪಸ್ ಕಳಿಸಿ.

ಕರೆಂಟ್ ಗೀಸರ್ 2000 ವ್ಯಾಟಿನದಾದರೆ ಸುಮಾರು 9 ಆಂಪ್ ಎಳೆಯುತ್ತದೆ. ಮಿಕ್ಸಿಯ 6 ಆಂಪ್ ಪ್ಲಗ್ಗಿಗೆ ಸಿಕ್ಕಿಸಿದರೆ ವೈರ್ ಕಾದು ಸುಡುತ್ತದೆ. 16 ಆಂಪಿನ ಮೂರು ಪಿನ್ ಪ್ಲಗ್, ಅದಕ್ಕೇ ಬೇರೆ ದಪ್ಪ ವೈರ್, ಸರಿಯಾದ ಅರ್ತಿಂಗ್ ಇರಲೇಬೇಕು. ಅರ್ತ್ ಇಲ್ಲದಿದ್ದರೆ ಒಳಗೆ ಸೋರಿದ ಕರೆಂಟ್ ನೀರಿನ ಜೊತೆ ನಿಮ್ಮ ಮೈಗೇ ಬರುತ್ತದೆ. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗದಂತೆ ನೀರು ಹುಯ್ಯುತ್ತಿರಿ.

ವಿದ್ಯುತ್ ಗುತ್ತಿಗೆದಾರರಿಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಲೈಸೆನ್ಸ್ ಕೊಡುತ್ತದೆ. ಕೆಲಸಕ್ಕೆ ಮುಂಚೆ ಅದನ್ನು ಕೇಳಿ, ಸಂಕೋಚ ಬೇಡ. ಕೂರಿಸಿದ ಮೇಲೆ ಬರೀ ಟೆಸ್ಟರ್ ಹಿಡಿದು ಹೊರಡದೆ ಮೀಟರ್ ಇಟ್ಟು ಅರ್ತ್ ತೋರಿಸಲಿ, ಆಮೇಲೆ ದುಡ್ಡು ಕೊಡಿ.