ಪಗಾರದ ಪೂರ್ವಜರು

ಕರಾವಳಿಯಿಂದ ಮುಂಬಯಿ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಬಂದ ಕನ್ನಡಿಗ ಊರಲ್ಲಿ ‘ಸಂಬಳ’ ಎನ್ನುತ್ತಿದ್ದವನು, ಇಲ್ಲಿ ನೋಡನೋಡುತ್ತಿದ್ದಂತೆ ‘ಪಗಾರ’ ಎನ್ನತೊಡಗುತ್ತಾನೆ. ವಿಜಯಪುರ, ಬೆಳಗಾವಿ ಕಡೆಯವನಿಗೆ ಆ ತೊಂದರೆಯಿಲ್ಲ. ಅವನು ಊರಲ್ಲೂ ಕೇಳಿದ್ದು ಪಗಾರವನ್ನೇ. ತಿಂಗಳ ಮೊದಲ ವಾರ ಕಾರ್ಖಾನೆಯ ಗೇಟಿನಾಚೆ ಚಹಾದಂಗಡಿಯಲ್ಲಿ ನಿಂತರೆ ಕಿವಿಗೆ ಬೀಳುವುದೂ ಅದೇ: “ಪಗಾರ ಆತೇನ್ರಿ?” ಬೆನ್ನಿಗೇ ಖಾಡೆ (ಗೈರುಹಾಜರಿ) ಎಷ್ಟು ಬಿತ್ತು, ಓವರ್‌ಟೈಮ್ ಸೇರಿಸಿದರೋ ಇಲ್ಲವೋ ಎಂಬ ವಿಚಾರಣೆ.

ಮರಾಠಿಯದೆಂದು ಬಹಳ ಜನ ತಿಳಿದಿರುವ ಈ ಪದ ಪೋರ್ಚುಗೀಸರದು. ಅವರಲ್ಲಿ ‘ಪಗಾರ್’ ಎಂದರೆ ಹಣ ಸಲ್ಲಿಸುವುದು, ಅದು ಕ್ರಿಯಾಪದ. ನಮ್ಮಲ್ಲಿ ನಾಮಪದವಾಗಿ ಕೂತಿದೆ. 1534ರಲ್ಲಿ ಮುಂಬಯಿ ಬಳಿಯ ವಸಯಿ ಪೋರ್ಚುಗೀಸರ ಕೈಸೇರಿತು, 1739ರಲ್ಲಿ ಮರಾಠಾ ಸೇನಾನಿ ಚಿಮಾಜಿ ಅಪ್ಪ ಅಲ್ಲಿನ ಕೋಟೆ ಗೆದ್ದ. ಪೋರ್ಚುಗೀಸರು ಹೋದರೂ ಚಾವಿ, ಬಟಾಟೆಗಳ ಜೊತೆ ಪಗಾರವೂ ಇಲ್ಲೇ ಉಳಿಯಿತು.

ಪೋರ್ಚುಗೀಸರ ಪಗಾರ್, ಇಟಲಿಯವರ ಪಗಾರೆ, ಫ್ರೆಂಚರ ಪೆಯೆ ಮೂರೂ ಒಡಹುಟ್ಟಿದವು. ತಾಯಿ ಲ್ಯಾಟಿನ್ನಿನ ‘ಪಾಕಾರೆ’, ಅಂದರೆ ಶಾಂತಗೊಳಿಸು. ಅದರ ಮೂಲ ‘ಪಾಕ್ಸ್’, ಶಾಂತಿ. ರೋಮನ್ ದಂಡನಾಯಕರು ನಾಡು ಗೆದ್ದು ‘ಶಾಂತಗೊಳಿಸಿದೆವು’ ಎನ್ನುತ್ತಿದ್ದುದು ಇದೇ ಪದದಲ್ಲಿ. ಶಾಂತಿ ಬರುತ್ತಿದ್ದುದು ಕತ್ತಿಯಿಂದ ಎಂಬುದು ಬೇರೆ ಮಾತು! ಮಧ್ಯಯುಗದ ಹೊತ್ತಿಗೆ ಕತ್ತಿಯ ಜಾಗಕ್ಕೆ ಹಣದ ಚೀಲ ಬಂತು: ಸಾಲ ಕೊಟ್ಟವನನ್ನು ಸಮಾಧಾನಪಡಿಸು ಎಂಬ ಅರ್ಥ ಹುಟ್ಟಿ, ಕೊನೆಗೆ ಹಣ ತೀರಿಸು ಎಂದಷ್ಟೇ ಆಯಿತು. ಹಳೆಯ ಫ್ರೆಂಚಿನಲ್ಲಿ ಎರಡೂ ಅರ್ಥ ಒಂದೇ ಪದದಲ್ಲಿದ್ದವು. ಈಗ ಹಣಕ್ಕೆ ಪೆಯೆ, ಸಮಾಧಾನಕ್ಕೆ ಅಪೆಝೆ. ಇಂಗ್ಲಿಷಿನ ಪೇ, ಪೀಸ್, ಪೆಸಿಫಿಕ್ ಎಲ್ಲ ಇದೇ ಬಳಗ. ಇನ್ನೂ ಆಳದ ಬೇರಿನ ಅರ್ಥ ಬಿಗಿ, ಕಟ್ಟು. ಸಂಸ್ಕೃತದ ‘ಪಾಶ’ವನ್ನೂ ಭಾಷಾಶಾಸ್ತ್ರಜ್ಞರು ಅಲ್ಲಿಗೇ ಸೇರಿಸುತ್ತಾರೆ. ವರ್ಷಗಟ್ಟಲೆ ಒಂದೇ ಗೇಟಿಗೆ ಕಟ್ಟುಬಿದ್ದವರು ಇದನ್ನು ಸುಲಭವಾಗಿ ಒಪ್ಪಿಯಾರು.

ನನಗೆ ಹಿಡಿಸಿದ್ದು ಸಾಲ ಕೊಟ್ಟವನನ್ನು ಸಮಾಧಾನಪಡಿಸು ಎಂಬ ನಡುವಿನ ಅರ್ಥ. ತಿಂಗಳಿಡೀ ಮೊದಲು ದುಡಿದು ಆಮೇಲೆ ಹಣ ಪಡೆಯುವ ಕಾರ್ಮಿಕನೇ ಇಲ್ಲಿ ಸಾಲ ಕೊಟ್ಟವನು, ಮಾಲೀಕ ಸಾಲಗಾರ. ಸಮಾಧಾನವಾಗಬೇಕಾದವನು ದುಡಿದವನು. ಕಾನೂನೂ ಆ ಸಾಲಕ್ಕೆ ಗಡುವು ಹಾಕಿತು: 1936ರ ವೇತನ ಪಾವತಿ ಕಾಯ್ದೆಯ ಪ್ರಕಾರ, ಸಾವಿರಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆ ತಿಂಗಳು ಮುಗಿದ 7 ದಿನದೊಳಗೆ ಪಗಾರ ಕೊಡಬೇಕಿತ್ತು.